ಸರ್ಕಸ್ ಹೋಟೆಲಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ಹೇವರ್ಡ್
ಅಕ್ಟೋಬರ್ ೧೬, ೧೯೮೪

ಪ್ರೀತಿಯ ವಿನೋದಕ್ಕನಿಗೆ ನಿನ್ನ ಮೈಥಿಲಿಯ ನಮಸ್ಕಾರ.

ನಾವೆಲ್ಲ ಕ್ಷೇಮ. ನೀನು ಕಳಿಸಿದ ಮೆಂತ್ಯದ ಹಿಟ್ಟು ಬಂತು. ತಂದವರ ಸೂಟ್‌ಕೇಸಿನಲ್ಲೇ ಪೊಟ್ಟಣ ಒಡೆದು ಅವರ ಕೋಟಿಗೆಲ್ಲ ಮೆತ್ತಿತ್ತಂತೆ. ಮುಖ ಗಂಟಿಕ್ಕಿಕೊಂಡೇ ಕೊಟ್ಟುಹೋದರು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಹಿಟ್ಟು ಸಿಕ್ಕಿತಲ್ಲ.

ಹೋದ ವಾರ ರೀನೋಗೆ ಹೋಗಿಬಂದೆವು. ಅದು ಜೂಜಿನ ಊರು, ಅಪ್ಪನ ಕಿವಿಗೆ ಹಾಕಬೇಡ. ಇಲ್ಲಿಂದ ಬಸ್ಸು ಹೋಗುತ್ತದೆ. ಟಿಕೆಟಿಗೆ ಕೊಟ್ಟ ದುಡ್ಡನ್ನು ಹೋಟೆಲಿನವರೇ ಚಿಲ್ಲರೆ ನಾಣ್ಯ, ಊಟದ ಕೂಪನ್ನು ಅಂತ ತಿರುಗಿ ಕೈಯಲ್ಲಿಡುತ್ತಾರೆ. ಆ ಚಿಲ್ಲರೆಯ ಆಸೆಗೆ ಬಂದು ನಾವು ಮನೆಮಠ ಕಳೆದುಕೊಳ್ಳಲಿ ಎಂದು ಅವರ ಲೆಕ್ಕ. ನಮ್ಮಂಥವರನ್ನು ಅವರು ಕಂಡಿರಲಿಲ್ಲ. ವಾರದ ನಡುವೆ ಹೋದರೆ ರೂಮೂ ಅಗ್ಗ. ಕರೆಂಟಿನ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ಒಯ್ದಿದ್ದೆ. ರಾತ್ರಿ ಬಚ್ಚಲಮನೆಯಲ್ಲಿ ಅನ್ನ ಬೇಯಿಸಿ, ಬಫೆಯಿಂದ ಲೋಟದಲ್ಲಿ ತಂದ ಮೊಸರು ಕಲಸಿದೆ. ಇವರು ಮಾತ್ರ ಯಾರಾದರೂ ಬಾಗಿಲು ತಟ್ಟುತ್ತಾರೆಂದು ಕಂಬದ ಹಾಗೆ ನಿಂತಿದ್ದರು. ನಿನ್ನ ತಂಗಿಯ ಗಂಡ ಹುಟ್ಟಾ ಹೆದರುಪುಕ್ಕಲ.

ಹೋಟೆಲೆಂದರೆ ಸರ್ಕಸ್ಸಿನ ಹೋಟೆಲು. ಕೆಳಗೆ ಸಾಲುಸಾಲು ಜೂಜಿನ ಯಂತ್ರ. ಅದರ ನೆತ್ತಿಯ ಮೇಲೆಯೇ ಬಲೆ ಕಟ್ಟಿ ಹುಡುಗಿಯರು ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಾರೆ. ಬಿಟ್ಟಿ ನೋಡಬಹುದು, ಆದರೆ ಕೆಳಗೆ ಆಡುವವರು ಒಬ್ಬರೂ ತಲೆ ಎತ್ತುವುದಿಲ್ಲ. ಮಕ್ಕಳು ಯಂತ್ರಗಳ ಹತ್ತಿರ ಬರಕೂಡದೆಂದು ಕಾನೂನು. ಅವರನ್ನು ಮೇಲಿನ ಮಹಡಿಯಲ್ಲಿ ಕೂರಿಸಿಕೊಂಡು ಸರ್ಕಸ್ ತೋರಿಸಲು ಒಬ್ಬರು ಬೇಕು. ನಮಗೆ ನಾದಿನಿ ಇಂದು ಇದ್ದಾಳಲ್ಲ.

ಹೋದದ್ದೂ ಅವಳ ನೆಪದಲ್ಲೇ. ಅವಳನ್ನು ನೋಡಲು ಗಂಡು ಬಂದಿತ್ತು! ನಿನಗೆ ಗೊತ್ತಲ್ಲ, ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಈ ನಾದಿನಿಯ ಗಂಡ ಸ್ಕೂಟರಿನಿಂದ ಬಿದ್ದು ತೀರಿಕೊಂಡ. ಇವರು ಹೋಗಿ ತಂಗಿಯನ್ನು ಇಲ್ಲಿಗೆ ಕರೆತಂದರು. ಗಂಡಿನ ಹೆಸರು ರಘೋತ್ತಮ, ಇವರ ಸ್ನೇಹಿತ, ಇಲ್ಲೇ ಹತ್ತಿರದ ಬೆರ್ರಿಯೆಸಾದಲ್ಲಿ ಸ್ವಂತ ಮನೆ. ಅವನ ಹೆಂಡತಿ ಕಾಯಿಲೆಯಿಂದ ಹೋಗಿ ಎರಡು ವರ್ಷ. ತಾನೇ ಬಾಯಿಬಿಟ್ಟು ಕೇಳಿದ. ಇವರಂತೂ ಸಂತೋಷಕ್ಕೆ ಅಳುವುದೊಂದು ಬಾಕಿ.

ಮನೆಗೇ ಕರೆಯೋಣವೆಂದರು. ನಾನು ಬೇಡವೆಂದೆ. ಮನೆಯಲ್ಲಾದರೆ ಕೇಸರಿಬಾತು, ಬೋಂಡ ಎಂದು ಖರ್ಚು, ರೀನೋದಲ್ಲಾದರೆ ಕೂಪನ್ನಿನಲ್ಲೇ ಶಾಸ್ತ್ರ ಮುಗಿಯುತ್ತದೆ ಎಂದು ಇವರಿಗೆ ಹೇಳಿದೆ. ನಿನಗೆ ನಿಜ ಹೇಳುತ್ತೇನೆ. ಇಂದುವಿನ ಕೈ ಅಡುಗೆ ತಿಂದ ಗಂಡು ಬೇಡವೆಂದು ಎದ್ದು ಹೋಗುವುದಿಲ್ಲ. ಅವಳು ಹೋದರೆ ನನ್ನ ಗತಿ ಏನಕ್ಕಾ? ಇಬ್ಬರು ಮಕ್ಕಳನ್ನು ಡೇಕೇರಿಗೆ ಬಿಟ್ಟರೆ ನನ್ನ ಸಂಬಳ ಅಲ್ಲಿಗೆ ಸರಿ. ಅವಳಿಗೆ ಇಲ್ಲೇನು ಕಡಿಮೆ? ಹೊಟ್ಟೆಗೆ ಬಟ್ಟೆಗೆ ಕೊಟ್ಟಿದ್ದೇವೆ. ಮಕ್ಕಳಂತೂ ನನಗಿಂತ ಅವಳನ್ನೇ ಹಚ್ಚಿಕೊಂಡಿವೆ.

ಆದರೆ ಆ ಮನುಷ್ಯ ಘಾಟಿ. ಊಟವಾದದ್ದೇ ತಡ, ಅರವಿಂದ, ಮಕ್ಕಳನ್ನ ಸ್ವಲ್ಪ ಹೊತ್ತು ನೀನು ನೋಡ್ಕೋ, ಇಂದು ಅವರೂ ಒಂದು ಸುತ್ತು ನೋಡ್ಲಿ ಎಂದು ಇವರನ್ನು ಮಕ್ಕಳ ಜೊತೆ ಮೇಲೆ ಸಾಗಹಾಕಿದ. ನಾನು ಬಿಟ್ಟೇನೆ? ಹಿಂದೆಯೇ ಹೋದೆ. ಯಂತ್ರದ ಮುಂದೆ ನಿಂತು, ನಿಮ್ಮ ಕೈಗುಣ ನೋಡೋಣ ಎಂದು ಒಂದು ನಾಣ್ಯ ಅವಳ ಕೈಗಿಟ್ಟ. ಇಂದು ಕೈ ಹಿಂದೆಳೆದುಕೊಂಡಳು. ನನ್ನ ಕೈ ಬೇಡ ಅಂದಳು. ಗಂಡ ಹೋದಾಗ, ಇವಳ ಕೈಗುಣವೇ ಕೆಟ್ಟದ್ದು ಎಂದು ಅತ್ತೆಮನೆಯವರು ಆಡಿದ ಮಾತು ಅವಳ ಮನಸ್ಸಿನಲ್ಲಿ ಇನ್ನೂ ಕೂತಿದೆ. ಅವನು ನಕ್ಕುಬಿಟ್ಟ. ಇದು ಕಬ್ಬಿಣ ಕಣ್ರೀ, ಇದಕ್ಕೇನು ಗೊತ್ತು ಅಂದ. ಅವನು ನಾಣ್ಯ ಹಾಕಿದ, ಅವಳು ಯಂತ್ರದ ಹಿಡಿ ಎಳೆದಳು. ಏನೂ ಬರಲಿಲ್ಲ. ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಅವನ ಪಾಲಿನ ನಾಣ್ಯವೆಲ್ಲ ಯಂತ್ರ ನುಂಗಿತು. ಸೋತಷ್ಟೂ ಅವನಿಗೆ ನಗು. ಕೊನೆಗೆ ಇಂದುವೂ ನಕ್ಕಳು ಅಕ್ಕಾ. ಅವಳು ಈ ದೇಶಕ್ಕೆ ಬಂದಮೇಲೆ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮೇಲೆ ಹುಡುಗಿಯೊಬ್ಬಳು ಹಾರುತ್ತಿದ್ದಳು. ಅಷ್ಟು ಜನರಲ್ಲಿ ಇವರಿಬ್ಬರೇ ತಲೆ ಎತ್ತಿ ಅದನ್ನು ನೋಡುತ್ತ ನಿಂತರು.

ಉಪಾಯ ಬಲ್ಲವಳಿಗೆ ಅಪಾಯವಿಲ್ಲ. ಸಂಜೆ ರೂಮಿನಲ್ಲಿ ಇಂದುವನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದೆ. ಬೇಜಾರು ಮಾಡ್ಕೋಬೇಡ ಪುಟ್ಟ, ಅವರಿಗೆ ಮನಸ್ಸಿಲ್ಲ ಎಂದೆ. ಯಾಕೆಂದೂ ನಾನೇ ಹೇಳಿದೆ: ಕೈಯಿಟ್ಟದ್ದೆಲ್ಲ ಮುಳುಗಿಹೋಯ್ತು, ಈ ಕೈಯನ್ನ ಮನೆಗೆ ತಂದ್ಕೊಂಡ್ರೆ ನನ್ನ ಗತಿ ಏನು ಅಂತ ಅವರು ಅಂದ್ರು. ಎದುರಿಗೆ ನಗುವವರೇ ಹಾಗೆ ಅಂತಲೂ ಸೇರಿಸಿದೆ. ಆಮೇಲೆ ಕೆಳಗೆ ಹೋಗಿ ರಘೋತ್ತಮನಿಗೆ, ಇಂದು ಇನ್ನೊಂದು ಮದುವೆ ಆಗಲಾರೆ ಎಂದು ಅಳುತ್ತಿದ್ದಾಳೆ, ದಯವಿಟ್ಟು ಮಾತಾಡಿಸಬೇಡಿ ಎಂದೆ. ಪಾಪ, ಮುಖ ಸಣ್ಣದಾಯಿತು. ದೊಡ್ಡವರ ಮನೆಯ ಮಗ, ಕ್ಷಮೆ ಕೇಳಿ ಸುಮ್ಮನಾದ. ಮರುದಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅವನು, ಹಿಂದಿನ ಸೀಟಿನಲ್ಲಿ ಮಡಿಲಿಗೊಂದು ಮಗು ಹಾಕಿಕೊಂಡು ಇವಳು. ನಾನು ನಡುವೆ ಕೂತು ನಿದ್ದೆ ಮಾಡಿದೆ.

ಸುಳ್ಳು ಹೇಳಿದೆನೆಂದು ಬೈಯಬೇಡ. ಸಾವಿರ ಸುಳ್ಳು ಹೇಳಿ ಮದುವೆ ಮಾಡು ಅನ್ನುತ್ತಾರೆ, ನಾನು ಎರಡು ಹೇಳಿ ತಪ್ಪಿಸಿದೆ, ಅಷ್ಟೆ. ಕೈಗುಣ, ಕಾಲ್ಗುಣವನ್ನೆಲ್ಲ ನಾನು ನಂಬುವವಳಲ್ಲ, ನಿನಗೇ ಗೊತ್ತು. ಅವಳು ನಂಬುತ್ತಾಳೆ, ಅದಕ್ಕೆ ನಾನೇನು ಮಾಡಲಿ? ಈಗ ಸ್ವಲ್ಪ ಮಂಕಾಗಿದ್ದಾಳೆ. ದೀಪಾವಳಿ ಬಂದರೆ ಮಕ್ಕಳ ಗಲಾಟೆಯಲ್ಲಿ ಮರೆಯುತ್ತಾಳೆ.

ಭಾವನವರಿಗೆ ನಮಸ್ಕಾರ ತಿಳಿಸು. ಮುಂದಿನ ಸಲ ಹಿಟ್ಟನ್ನು ಡಬ್ಬಿಯಲ್ಲಿ ಹಾಕಿ ಕಳಿಸು.

ನಿನ್ನ ತಂಗಿ,
ಮೈಥಿಲಿ

ತಾ.ಕ.: ಈ ಕಾಗದ ಪೋಸ್ಟಾಗದೆ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಇವತ್ತು ದೀಪಾವಳಿ ಕಳೆದು ಮೂರನೆಯ ದಿನ. ಹಬ್ಬದ ಬೆಳಿಗ್ಗೆ ಎಣ್ಣೆ ಕಾಯಿಸಿ, ಮಕ್ಕಳ ತಲೆಗೆ ಹಚ್ಚು ಎಂದು ಇಂದುವನ್ನು ಕರೆದೆ. ಬರಲಿಲ್ಲ. ಚಿಕ್ಕವಳು ಓಡಿಹೋಗಿ ಎತ್ತಿಕೋ ಎಂದು ಕೈ ಚಾಚಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗಾತು ನಿಂತಳು. ನನ್ನ ಕೈ ಬೇಡ ಅತ್ತಿಗೆ, ಮಕ್ಕಳು ಚೆನ್ನಾಗಿರ್ಲಿ ಅಂದಳು. ಅಂದಿನಿಂದ ಮುಟ್ಟುತ್ತಿಲ್ಲ, ತುತ್ತು ಕೊಡುತ್ತಿಲ್ಲ, ಊರಿಗೆ ಟಿಕೆಟು ತೆಗೆಸಿಕೊಡಿ ಎಂದು ಇವರನ್ನು ಕೇಳಿದ್ದಾಳೆ. ನಾನು ಆಫೀಸಿಗೆ ರಜೆ ಹಾಕಿ ಕೂತಿದ್ದೇನೆ. ಅದು ಕಬ್ಬಿಣ ಕಣೇ, ಅದಕ್ಕೇನು ಗೊತ್ತು ಎಂದು ನಾನೂ ಹೇಳಿನೋಡಿದೆ. ಅವರೂ ಮೊದಲು ಹಾಗೇ ಅಂದಿದ್ರು ಅತ್ತಿಗೆ, ಆಮೇಲೆ ತಾನೇ ಅವರಿಗೂ ಗೊತ್ತಾದದ್ದು ಎಂದಳು. ಅವರು ಅಂದೇ ಇಲ್ಲ ಎಂದು ಈಗ ಯಾವ ಬಾಯಲ್ಲಿ ಹೇಳಲಿ?

ನಿಮ್ಮ ಮನೆಗೆ ಕೆಲಸಕ್ಕೆ ಬರುವ ಬೋರಮ್ಮನ ಮಗಳು ಮಕ್ಕಳನ್ನು ನೋಡಿಕೊಳ್ಳಲು ಇಲ್ಲಿಗೆ ಬರುತ್ತಾಳೆಯೇ ಕೇಳಿ ಬರೆ. ಚಿಕ್ಕವಳಿಗೆ ನಿನ್ನೆಯಿಂದ ಜ್ವರ. ಬೋರಮ್ಮನ ಮಗಳ ಗಂಡ ಬದುಕಿದ್ದಾನೆಯೇ ಎಂದು ಮೊದಲು ವಿಚಾರಿಸು.