ಸೋಮವಾರದ ಕೆಮ್ಮು

ಅಬ್ಬಾ,

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಕನ್ನಡ ಆಡಿದವರಲ್ಲ. ಆದರೂ ನಮ್ಮಿಬ್ಬರ ನಡುವೆ ಗುಟ್ಟಾಗಿ ನಡೆದ ಆ ಒಂದು ವರ್ಷದ ಪಾಠವೆಲ್ಲ ಕನ್ನಡದಲ್ಲೇ ನಡೆದದ್ದು ನಿಮಗೆ ನೆನಪಿರುತ್ತದೆ. "ಕ್ಲಾಸಲ್ಲಿ ಹೆಂಗೆ ಹೇಳ್ಬೇಕೋ ಹಂಗೇ ಹೇಳ್ಕೊಡಮ್ಮ, ಆಮೇಲೆ ನಾಲಿಗೆ ತೊಡರಬಾರ್ದು" ಅನ್ನುತ್ತಿದ್ದಿರಿ. ನಾಳೆ ಸೋಮವಾರ. ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ನನ್ನ ಮೊದಲ ಕ್ಲಾಸು. ಯಾವ ವಿಷಯ ಗೊತ್ತೇ? ಅದೇ. ಸಂವಹನ ಮತ್ತು ಕಂಪ್ಯೂಟರ್ ಕೌಶಲ, ಒಂಬತ್ತನೇ ತರಗತಿಯ ಐಚ್ಛಿಕ ವಿಷಯ. ಮಧ್ಯಾಹ್ನ ನಿಮ್ಮ ಹಳೆಯ ಟೈಪ್‌ರೈಟರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ರಿಬ್ಬನ್ ಹಾಕಿಕೊಂಡು ಕೂತಿದ್ದೇನೆ. ನಿಮಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಅದನ್ನು ಹೇಳದೆ ನಾಳೆ ಆ ಕ್ಲಾಸಿಗೆ ಕಾಲಿಡಲು ನನಗೆ ಧೈರ್ಯವಿಲ್ಲ.

ಆಗ ನಾನು ಓದುತ್ತಿದ್ದ ಶಾಲೆಯ ಹೆಡ್ ಮಾಸ್ಟರು ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿ ಬಂದ ದಿನ ನಾನು ಮೂಲೆಯಲ್ಲಿ ಕಾರ್ಬನ್ ಹಾಳೆ ಜೋಡಿಸುತ್ತಿದ್ದೆ. ತೊಂಬತ್ತೊಂಬತ್ತರ ಬೇಸಿಗೆ. ಗುಬ್ಬಿ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ ಆರು ಮೆಷಿನ್ನುಗಳಿದ್ದವು, ಕಲಿಯಲು ಬರುತ್ತಿದ್ದವರು ಮೂವರು. ಉಳಿದವರೆಲ್ಲ ತುಮಕೂರಿನ ಕಂಪ್ಯೂಟರ್ ಸೆಂಟರುಗಳಿಗೆ ಬಸ್ಸು ಹತ್ತಿಯಾಗಿತ್ತು. "ಹೊಲಿಗೆ ಸಬ್ಜೆಕ್ಟ್ ತೆಗೆದು ಕಂಪ್ಯೂಟರ್ ತರ್ತಾ ಇದೀವಿ ಬಾಷಾ ಸಾಹೇಬ್ರೇ. ಅರ್ಧ ಕಂಪ್ಯೂಟರ್ರು, ಇನ್ನರ್ಧ ಅರ್ಜಿ ಬರೆಯೋದು, ನಾಲ್ಕು ಜನರ ಮುಂದೆ ಮಾತಾಡೋದು. ನಿಮಗೆ ಕಂಪ್ಯೂಟರ್ ಬರ್ತದಲ್ವಾ?" ಅಂದರು. ನೀವು ಒಂದು ಗಳಿಗೆ ನಿಮ್ಮ ಮೆಷಿನ್ನುಗಳ ಕಡೆ ನೋಡಿದಿರಿ. ಆಮೇಲೆ, "ಬರ್ತದೆ ಸಾರ್" ಅಂದಿರಿ. ನೀವು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಇಳಿದು ಹೋದ ಮೇಲೆ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ, "ನೂರೂ, ಈಗೇನಮ್ಮ ಮಾಡೋದು?" ಎಂದು ಕೇಳಿದಿರಿ. ಹದಿನಾಲ್ಕು ವರ್ಷದ ಹುಡುಗಿಯನ್ನು ಅಪ್ಪನಾದವನು ಹಾಗೆ ಕೇಳಿದರೆ ಅವಳ ಕಾಲ ಕೆಳಗಿನ ನೆಲ ಏನಾಗಬೇಡ?

ದಾರಿ ಹುಡುಕಿದವಳು ನಾನೇ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತುಮಕೂರಿನ ಬಸ್ಸು ಹತ್ತುತ್ತಿದ್ದೆ. ಸದಾಶಿವನಗರದಲ್ಲಿ ಅಮ್ಮಿಯ ಅಕ್ಕ, ಖಾಲಾ ಮನೆ. ಅವರ ಮಗ ಇಮ್ರಾನ್ ಭಾಯ್ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಅವರಿವರಿಗೆ ಕಲಿಸುತ್ತಿದ್ದ. ವಾರಕ್ಕೊಂದು ಪಾಠ ಕಲಿತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದೆ. ಭಾನುವಾರ ನೀವು ಇನ್‌ಸ್ಟಿಟ್ಯೂಟಿನ ಬಾಗಿಲು ಒಳಗಿನಿಂದ ಹಾಕಿಕೊಂಡು ನನ್ನ ಮುಂದೆ ಕೂರುತ್ತಿದ್ದಿರಿ. ನೀವೇ ಹೋಗಿ ಕಲಿಯಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ತುಮಕೂರಿನ ಯಾವ ಸೆಂಟರಿಗೆ ಹೋದರೂ ನಿಮ್ಮ ಹತ್ತಿರ ಟೈಪಿಂಗ್ ಕಲಿತವನೊಬ್ಬ ಕೂತಿರುತ್ತಿದ್ದ. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಹೆಡ್ ಮಾಸ್ಟರ ಬಳಿ. ಪ್ರಾಕ್ಟೀಸಿಗೆ ಕೊಡಿ ಎಂದು ಕೇಳಿದರೆ ಅಲ್ಲಿಗೆ ಬಂಡವಾಳ ಬಯಲು. ಹಾಗಾಗಿ ಟೈಪ್‌ರೈಟರೇ ಕೀಬೋರ್ಡಾಯಿತು, ಗೋಡೆಗೆ ಒರಗಿಸಿದ ರಟ್ಟು ಪರದೆಯಾಯಿತು, ಅಮ್ಮಿಯ ಸೋಪಿನ ಡಬ್ಬಿ ಮೌಸ್ ಆಯಿತು. ಆ ಡಬ್ಬಿಯನ್ನು ಮೇಜಿನ ಮೇಲೆ ಎಷ್ಟು ಹುಷಾರಾಗಿ ಆಡಿಸುತ್ತಿದ್ದಿರಿ ಅಬ್ಬಾ. ನಾನು ನಗುತ್ತಿರಲಿಲ್ಲ. ನನಗೆ ಬಂದ ಪಾಠ ನಿಮಗೆ ಬಾರದೆ ಹೋದರೆ ಎಂಬ ಹೆದರಿಕೆಯಲ್ಲಿ ನಗು ಎಲ್ಲಿಂದ ಬರಬೇಕು?

ಸೋಮವಾರದ ಎರಡು ಪೀರಿಯಡ್ಡುಗಳು ಈಗಲೂ ಕಣ್ಣ ಮುಂದಿವೆ. ನಾಲ್ಕು ಕಂಪ್ಯೂಟರು, ಮೂವತ್ತೆರಡು ಮಕ್ಕಳು, ಮುಂದೆ ನಿಂತ ನೀವು, ಮೂರನೇ ಬೆಂಚಿನಲ್ಲಿ ನಾನು. ನೀವು ಎಡವುವ ಮೊದಲೇ ನಾನು ಒಂದು ಸಲ ಕೆಮ್ಮಬೇಕು. ಕೆಮ್ಮು ಕೇಳಿದ ಕೂಡಲೇ ನೀವು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳಬೇಕು, ಮತ್ತೆ ಮೊದಲಿಂದ ಹೇಳಬೇಕು. ಇದು ನಮ್ಮ ಒಪ್ಪಂದ. ಯಾರಾದರೂ ಕೈ ಎತ್ತಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು, ಆ ಪ್ರಶ್ನೆ ಈ ವಾರದ ಪಾಠ ದಾಟಿ ಹೋದರೆ ಗತಿಯೇನು ಎಂದು. ಪಕ್ಕದಲ್ಲಿ ಕೂರುತ್ತಿದ್ದ ಚೇಳೂರಿನ ಪುಟ್ಟಗೌರಿ ಒಂದು ದಿನ, "ಏನೇ ನೂರ್, ಸೋಮವಾರ ಆದ್ರೆ ಸಾಕು ನಿಂಗೆ ಕೆಮ್ಮು ಹತ್ಕೊಳ್ತದಲ್ಲ. ಶುಂಠಿ ಕಷಾಯ ಕುಡಿಯೇ" ಅಂದಳು. ಅವಳಿಗೆ ಗೊತ್ತಾಗಿಬಿಟ್ಟಿತೇನೋ ಎಂದು ಆ ವಾರವಿಡೀ ನಾನು ಅವಳ ಮುಖ ನೋಡಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ. ಮುಂದಿನ ಸೋಮವಾರ ಲೋಟದ ತುಂಬ ಕಷಾಯವನ್ನೇ ತಂದಿದ್ದಳು.

ಸಂವಹನದ ಪಾಠದಲ್ಲಿ ಮಾತ್ರ ನೀವು ಬೇರೆಯೇ ಮನುಷ್ಯ. ತಾಲ್ಲೂಕು ಕಚೇರಿಗೆ ಅರ್ಜಿ ಹೇಗೆ ಬರೆಯಬೇಕು, ದೊಡ್ಡವರ ಎದುರು ತಲೆ ತಗ್ಗಿಸದೆ ಹೇಗೆ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಒಂದೊಂದನ್ನೂ ಮಾಡಿ ತೋರಿಸುತ್ತಿದ್ದಿರಿ. ಹಾಗಲವಾಡಿಯಿಂದ ಬರುತ್ತಿದ್ದ ಮಂಜ, ಬಾಯಿ ಬಿಟ್ಟರೆ ಬೆವರುತ್ತಿದ್ದವನು, ನಿಮ್ಮ ಕೈಯಲ್ಲಿ ಮೂರು ನಿಮಿಷ ಮಾತಾಡುವಂತಾದ. ಅವನು ಒಮ್ಮೆ ಏನೋ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದೆ ತಡವರಿಸುತ್ತಾ ನಿಂತಾಗ ನೀವು, "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಪ್ಪ. ಅದೂ ಒಂದು ಉತ್ತರಾನೇ" ಅಂದಿರಿ. ಹಾಗೆ ಅನ್ನುವಾಗ ನಿಮ್ಮ ಕಣ್ಣು ತಟ್ಟನೆ ನನ್ನ ಕಡೆ ಹೊರಳಿತು. ಇಬ್ಬರೂ ಬೇರೆ ಕಡೆ ನೋಡಿದೆವು.

ಈಗ ಹೇಳಬೇಕಾದ ಶನಿವಾರಕ್ಕೆ ಬರುತ್ತೇನೆ. ಅವತ್ತು ನಾನು ಖಾಲಾ ಮನೆ ತಲುಪುವ ಹೊತ್ತಿಗೆ ಕರೆಂಟು ಹೋಗಿತ್ತು. ಸಂಜೆವರೆಗೆ ಕಾದರೂ ಬರಲಿಲ್ಲ, ಖಾಲಿ ಕೈಯಲ್ಲಿ ಗುಬ್ಬಿಗೆ ಬಂದೆ. ಭಾನುವಾರ ನೀವು ಸೋಪಿನ ಡಬ್ಬಿ ಹಿಡಿದು ಕಾಯುತ್ತಿದ್ದಿರಿ. ಪಾಠ ಇಲ್ಲ ಅಂದರೆ ನಿಮ್ಮ ಮುಖ ಹೇಗಾಗುತ್ತದೆಂದು ನನಗೆ ಗೊತ್ತಿತ್ತು. ಹಳೆಯದನ್ನೇ ತಿರುವಿ ಹೇಳಿದೆ. ನೀವು ನಡುವೆ ತಡೆದು, "ಅಲ್ಲಮ್ಮ, ಮೆಷಿನ್ನಲ್ಲಾದ್ರೆ ಹಾಳೆ ಕೈಗೆ ಬರ್ತದೆ. ಇದ್ರಲ್ಲಿ ಹೊಡೆದದ್ದು ಎಲ್ಲಿ ಉಳೀತದೆ? ಸ್ವಿಚ್ ಆರ್ಸಿದ್ರೆ?" ಎಂದು ಕೇಳಿದಿರಿ. ನನಗೆ ಗೊತ್ತಿರಲಿಲ್ಲ ಅಬ್ಬಾ. ಮಂಜನಿಗೆ ನೀವು ಹೇಳಿಕೊಟ್ಟ ಉತ್ತರ ನನ್ನ ಬಾಯಲ್ಲೇ ಇತ್ತು. ಆದರೆ ನಾನು, "ಒಳಗೇ ಇರ್ತದೆ ಅಬ್ಬಾ. ಸ್ವಿಚ್ ಆರ್ಸಿದ್ರೂ ಒಳಗೇ ಇರ್ತದೆ" ಅಂದುಬಿಟ್ಟೆ. ನೀವು ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, ಸಮಾಧಾನದಿಂದ ತಲೆಯಾಡಿಸಿದಿರಿ.

ಮುಂದಿನ ಶನಿವಾರ ಇಮ್ರಾನ್ ಭಾಯ್ ಮೊದಲು ಹೇಳಿಕೊಟ್ಟದ್ದೇ ಸೇವ್ ಮಾಡುವುದನ್ನು. ಸೇವ್ ಮಾಡದೆ ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಹೋಯಿತು, ಮತ್ತೆ ಸಿಗುವುದಿಲ್ಲ ಅಂದ. ವಾಪಸು ಬರುವಾಗ ಬಸ್ಸಿನಲ್ಲಿ, ಇವತ್ತೇ ಹೇಳಿಬಿಡುತ್ತೇನೆ ಅಂದುಕೊಂಡೆ. ಹೇಳಿದರೆ, ಹೋದ ವಾರ ಸುಳ್ಳು ಹೇಳಿದೆ ಎಂದೂ ಹೇಳಬೇಕು. ಹಾಗಾದರೆ ಇಷ್ಟು ದಿನ ಹೇಳಿಕೊಟ್ಟದ್ದರಲ್ಲಿ ಇನ್ನೆಷ್ಟು ಸುಳ್ಳಿದೆಯೋ ಎಂದು ನಿಮಗೆ ಅನುಮಾನ ಹುಟ್ಟಿದರೆ? ನಂಬಿಕೊಂಡು ನಿಲ್ಲಲು ನಿಮಗಿದ್ದದ್ದು ನಾನೊಬ್ಬಳೇ. ಮುಂದಿನ ಭಾನುವಾರ ಹೇಳೋಣ, ಅದರ ಮುಂದಿನ ಭಾನುವಾರ... ನಿಮ್ಮ ಕ್ಲಾಸಿನಲ್ಲಿ ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡಿಸುವುದು ಇನ್‌ಸ್ಟಿಟ್ಯೂಟಿನಿಂದ ಬಂದ ಪದ್ಧತಿ. ಹಳೆಯ ಹಾಳೆಯನ್ನು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ನನ್ನ ಸುಳ್ಳು ವರ್ಷದ ಕೊನೆಯವರೆಗೂ ತಣ್ಣಗೆ ಕೂತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಮೂವತ್ತೆರಡು ಮಕ್ಕಳೂ ಸರದಿಯಲ್ಲಿ ಕೂತು ಒಂದೊಂದು ಅರ್ಜಿ ಟೈಪ್ ಮಾಡಿದೆವು, ಒಬ್ಬರ ಪುಟದ ಕೆಳಗೆ ಇನ್ನೊಬ್ಬರ ಪುಟ. ಮಾರನೇ ದಿನ ಪರೀಕ್ಷಕರು ಬಂದು ಅದನ್ನು ಪರದೆಯ ಮೇಲೆ ನೋಡಬೇಕು. ಬೆಲ್ ಹೊಡೆದ ಕೂಡಲೇ ಮೇನ್ ಆಫ್ ಮಾಡಬೇಕೆಂಬುದು ಹೆಡ್ ಮಾಸ್ಟರ ಕಟ್ಟಪ್ಪಣೆ. ಬೆಲ್ ಹೊಡೆಯಿತು. ಅವರು ಬಾಗಿಲಲ್ಲೇ ನಿಂತಿದ್ದರು. ನೀವು ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟು, ಅಭ್ಯಾಸದಂತೆ ಒಂದು ಸಲ ನನ್ನ ಕಡೆ ನೋಡಿದಿರಿ. ಒಂದು ಕೆಮ್ಮು ಸಾಕಿತ್ತು. ಕೆಮ್ಮಿದರೆ ನೀವು ನಿಲ್ಲುತ್ತಿದ್ದಿರಿ. ನಿಂತ ಮೇಲೆ ಏನು ಎಂದು ಎಲ್ಲರೂ ನೋಡುತ್ತಿದ್ದರು, ಆಗ ನಾನು ಎದ್ದು ನಿಂತು ಎಲ್ಲರ ಮುಂದೆ ನಿಮಗೆ ಹೇಳಿಕೊಡಬೇಕಾಗಿತ್ತು. ನಾನು ಕೆಮ್ಮಲಿಲ್ಲ. ನಾನು ಸುಮ್ಮನಿದ್ದೇನೆಂದರೆ ಎಲ್ಲ ಸರಿಯಿದೆ ಎಂದುಕೊಂಡು ನೀವು ಸ್ವಿಚ್ ಇಳಿಸಿದಿರಿ.

ಬೆಳಿಗ್ಗೆ ತುಮಕೂರಿನಿಂದ ಬಂದ ಮೇಡಂ ನಾಲ್ಕೂ ಕಂಪ್ಯೂಟರುಗಳನ್ನು ಹುಡುಕಿ ನೋಡಿದರು. "ಎಲ್ರೀ ಮಕ್ಕಳು ಟೈಪ್ ಮಾಡಿದ್ದು?" ಅಂದರು.

"ಒಳಗೇ ಇರ್ತದೆ ಮೇಡಂ. ಸ್ವಿಚ್ ಆರ್ಸಿದ್ರೂ ಒಳಗೇ ಇರ್ತದೆ" ಅಂದಿರಿ. ಅಕ್ಷರ ಬಿಡದಂತೆ ನನ್ನ ಮಾತೇ.

"ಸೇವ್ ಮಾಡ್ಸಿದ್ರಾ?"

ಆ ಪದ ನೀವು ಕೇಳಿಯೇ ಇರಲಿಲ್ಲ. ಮೂರನೇ ಬೆಂಚಿನ ಕಡೆ ನೋಡಿದಿರಿ. ನಾನು ಬೆಂಚಿನ ಮೇಲಿನ ಇಂಕಿನ ಕಲೆಯನ್ನು ನೋಡುತ್ತಾ ಕೂತೆ. ಆಮೇಲೆ ನಿಮ್ಮ ದನಿ ಕೇಳಿಸಿತು, ಸಂವಹನದ ಪಾಠ ಮಾಡುವಾಗಿನ ಅದೇ ನೆಟ್ಟಗಿನ ದನಿ. "ಗೊತ್ತಿಲ್ಲ ಮೇಡಂ. ನನಗೆ ಕಂಪ್ಯೂಟರ್ ಬರೋದಿಲ್ಲ."

"ಬರ್ತದೆ ಅಂದಿದ್ರಲ್ರೀ ಸಾಹೇಬ್ರೇ" ಅಂದರು ಹೆಡ್ ಮಾಸ್ಟರು.

"ಸುಳ್ಳು ಹೇಳಿದ್ದೆ ಸಾರ್. ಹೆದರಿಕೆಗೆ."

"ಮತ್ತೆ ವರ್ಷವೆಲ್ಲ ಹೆಂಗೆ ಪಾಠ ಮಾಡಿದ್ರಿ?"

"ಹೆಂಗೋ ಮಾಡ್ದೆ ಸಾರ್" ಅಂದಿರಿ. ನನ್ನ ಹೆಸರು ನಿಮ್ಮ ಬಾಯಿಂದ ಬರಲಿಲ್ಲ. ಮೇಡಂ ಒಳ್ಳೆಯವರು, ಮಕ್ಕಳಿಗೆ ಮತ್ತೆ ಟೈಪ್ ಮಾಡಲು ಬಿಟ್ಟರು. ಎಲ್ಲರೂ ಪಾಸಾದೆವು. ಸಂವಹನದಲ್ಲಿ ಕ್ಲಾಸಿಗೇ ಹೆಚ್ಚು ಅಂಕ ಯಾರಿಗೆ ಬಂತು ಹೇಳಿ? ನನಗೆ.

ಅವತ್ತು ಶಾಲೆಯಿಂದ ಇಬ್ಬರೂ ಒಟ್ಟಿಗೆ ನಡೆದು ಬಂದೆವು. ನಾಳೆಯಿಂದ ಬರಬೇಡಿ ಎಂದು ನಿಮಗೆ ಹೇಳಿಯಾಗಿತ್ತು. ಬಸ್‌ಸ್ಟ್ಯಾಂಡು ದಾಟಿದ ಮೇಲೆ ನೀವು ನಿಂತು, "ನೀನು ಹೇಳ್ಕೊಟ್ಟಿರ್ತೀಯ ಕಣಮ್ಮ. ನಾನೇ ಮರೆತೆ. ತಲೆ ಮೊದಲಿನ ಹಂಗಿಲ್ಲ ನೋಡು" ಅಂದಿರಿ. ಹೆಗಲ ಮೇಲೆ ಕೈ ಇಟ್ಟಿರಿ. ಆಗಲಾದರೂ ಹೇಳಬಹುದಿತ್ತು. ಕೆಲಸ ಹೇಗೂ ಹೋಗಿತ್ತು, ಇನ್ನು ಕಳೆದುಕೊಳ್ಳುವುದಕ್ಕೆ ಏನಿತ್ತು? ನಿಮ್ಮ ಆ ಕೈ ಇತ್ತು. ಅದು ಹೆಗಲಿನಿಂದ ಇಳಿದುಬಿಟ್ಟರೆ ಎಂದು ಹೆದರಿ ತೆಪ್ಪಗಾದೆ.

ಆಮೇಲೆ ನೀವು ತಾಲ್ಲೂಕು ಕಚೇರಿಯ ಮುಂದೆ ಮೆಷಿನ್ ಇಟ್ಟುಕೊಂಡು ಕೂತಿರಿ. ಅದಕ್ಕೆ ನೀವು ಯಾವತ್ತೂ ಬೇಸರಪಡಲಿಲ್ಲ. ಆದರೆ ಆ ಚೀಟಿಗಳು ಶುರುವಾದವು. ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋದವರು ವಾಪಸು ಬಂದು ಎಳೆದು ನೋಡುತ್ತಿದ್ದಿರಿ. ಯಾರಾದರೂ ಕೆಲಸ ಹೇಳಿದರೆ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಿರಿ. ಅಮ್ಮಿ ನಕ್ಕರೆ, "ನನ್ನ ತಲೆ ನಂಬೋ ಹಂಗಿಲ್ಲ" ಅನ್ನುತ್ತಿದ್ದಿರಿ. ನೂರು ಜನರ ಅರ್ಜಿಯ ಒಕ್ಕಣೆ ಬಾಯಲ್ಲಿದ್ದ ನೀವು ನಿಮ್ಮ ತಲೆಗೆ ನೀವೇ ಹೆದರಿಕೊಂಡು ಏಳು ವರ್ಷ ಬದುಕಿದಿರಿ. ನನ್ನ ಒಂದು ಮಾತಿಗೆ ಆ ಹೆದರಿಕೆ ಹೋಗುತ್ತಿತ್ತು. ಎದೆ ನೋವು ಬಂದು ನೀವು ತೀರಿಹೋದ ದಿನ ನಿಮ್ಮ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿ ನನ್ನ ಹತ್ತಿರವೇ ಇದೆ. "ಬೀಗ ಹಾಕಿದೆ" ಎಂದು ನಿಮ್ಮ ಕೈಬರಹದಲ್ಲಿ ಎರಡೇ ಪದ.

ಹೋದ ವಾರ ಕುಣಿಗಲ್ಲಿನ ಶಾಲೆಯ ಹೆಡ್ ಮಿಸ್ಟ್ರೆಸ್ಸು ನನ್ನನ್ನು, "ಹೊಸ ಸಿಲಬಸ್ಸಲ್ಲಿ ಇಂಟರ್‌ನೆಟ್, ಕನ್ನಡ ಟೈಪಿಂಗ್ ಎಲ್ಲಾ ಇದೆ. ಎಲ್ಲಾ ಬರ್ತದಲ್ವಾ?" ಎಂದು ಕೇಳಿದರು. ನಿಮ್ಮ ಮೆಷಿನ್ನಿನ ಕನ್ನಡ ನನಗೆ ಬರುತ್ತದೆ, ಕಂಪ್ಯೂಟರಿನ ಕನ್ನಡ ಬರುವುದಿಲ್ಲ. ಆದರೂ ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಬರ್ತದೆ ಮೇಡಂ." ಅವತ್ತಿನಿಂದ ಮತ್ತೆ ಅದೇ ಸೋಮವಾರದ ಹೆದರಿಕೆ. ಅಲ್ಲಿ ಮೂರನೇ ಬೆಂಚಿನಲ್ಲಿ ನನಗಾಗಿ ಕೆಮ್ಮುವವರು ಯಾರೂ ಇಲ್ಲ ಅಬ್ಬಾ. ನಾಳೆ ಬೆಲ್ ಹೊಡೆಯುವ ಮೊದಲೇ ಅವರ ಕೋಣೆಗೆ ಹೋಗಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಬರುವುದಿಲ್ಲ, ಕಲಿಯಲು ಸಮಯ ಕೊಡಿ ಎಂದು ಹೇಳುತ್ತೇನೆ. ಹೇಳಲೇಬೇಕು. ಆದರೆ ಅದಕ್ಕೂ ಮೊದಲು ನಿಮಗೆ.

ಕಂಪ್ಯೂಟರಿನಲ್ಲಾಗಿದ್ದರೆ ಮುಂದಿನ ಸಾಲನ್ನು ಹತ್ತು ಸಲ ಬರೆದು ಹತ್ತು ಸಲವೂ ಅಳಿಸಿರುತ್ತಿದ್ದೆ. ಅದಕ್ಕೇ ನಿಮ್ಮ ಮೆಷಿನ್ನು ಇಳಿಸಿಕೊಂಡೆ, ಇದರಲ್ಲಿ ಒಮ್ಮೆ ಹೊಡೆದದ್ದು ಹೊಡೆದದ್ದೇ.

ನಿಮ್ಮ ತಲೆ ಸರಿಯಾಗೇ ಇತ್ತು ಅಬ್ಬಾ. ನೀವು ಏನನ್ನೂ ಮರೆತಿರಲಿಲ್ಲ. ನಾನು ಹೇಳಿಕೊಟ್ಟೇ ಇರಲಿಲ್ಲ.

ನಿಮ್ಮ ನೂರ್