ಒಂದು ಗುರುವಾರದ ಬಾಟಲಿ

ಹಳ್ಳದಕೇರಿ,
ಬೇಸಿಗೆಯ ಇನ್ನೂರ ಮೂವತ್ತೊಂದನೆಯ ದಿನ
(ನಿಮ್ಮ ಲೆಕ್ಕದಲ್ಲಿ ಇಸವಿ 2187)

ಪ್ರಾಂತ ಮಂಡಳಿಯ, ನೀರಿನ ಮಾದರಿ ತೆಗೆಯುವ ಅಧಿಕಾರಿ ಶ್ರೀಮತಿ ಕಸ್ತೂರಿ ಮುದೇನೂರ ಅವರಿಗೆ,

ಮಾನ್ಯರೇ, ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಕಚೇರಿಯ ಕಡತಗಳಿಂದ. ಮಾತು ಅಲ್ಲಲ್ಲಿ ನೋಟಿಸಿನಂತೆ ಕೇಳಿಸಿದರೆ ಕ್ಷಮಿಸಿ. ಈ ಕಾಗದ ಹೇಗೆ ತಲುಪೀತು ಎಂದೂ ಕೇಳಬೇಡಿ. ತಲುಪುತ್ತದೆಂಬ ನಂಬಿಕೆ ನನಗೂ ಇಲ್ಲ. ನಿಮ್ಮ ರಿಜಿಸ್ಟರಿನ ನಡುವೆ ಇಡುತ್ತೇನೆ. ನನಗೆ ಗೊತ್ತಿರುವ ದಾರಿ ಅದೊಂದೇ.

ನನ್ನ ಹೆಸರು ಹುಲಿಗೆವ್ವ. ಮಂಡಳಿಯ ಹಳೆಯ ಕಾಗದಪತ್ರ ಕಾಯುವ ಕೆಲಸ ನನ್ನದು, ವಯಸ್ಸು ಅರವತ್ತು ದಾಟಿದೆ, ನಾಲಿಗೆ ಸ್ವಲ್ಪ ಹರಿತ. ನಮ್ಮ ಊರು ನಿಮಗೆ ಗೊತ್ತು. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಕೆಳಗೆ, ಹಳ್ಳದ ಎಡದಂಡೆಯಲ್ಲಿ ಇದೆ. ಕಾರ್ಖಾನೆ ಹೋಗಿ ನೂರು ವರ್ಷವಾಯಿತು, ಬಣ್ಣ ಮಾತ್ರ ಹೋಗಿಲ್ಲ. ಈಗ ನಾವು ಹಳ್ಳದ ನೀರನ್ನು ಮಾಳಿಗೆಯ ಮೇಲೆ ಗಾಜುಹಾಸಿನ ಕೆಳಗೆ ಸುರಿದು ಬಿಸಿಲಿಗೆ ಬಿಡುತ್ತೇವೆ. ಗಾಜುಹಾಸು ಎಂದರೆ ಇಳಿಜಾರಾಗಿ ಹೊದಿಸಿದ ಗಾಜಿನ ಹಲಗೆಗಳು. ಆವಿ ಅದಕ್ಕೆ ಅಂಟಿ ಹನಿಹನಿಯಾಗಿ ಜಾರಿ ಕೊಡಕ್ಕೆ ಬೀಳುತ್ತದೆ. ದಿನಕ್ಕೆ ಆಳಿಗೊಂದು ಚೊಂಬು, ಹಬ್ಬಕ್ಕೆ ಒಂದೂವರೆ. ಆ ನೀರನ್ನು ನಾವು ಮಂಗಳವಾರ ಎನ್ನುತ್ತೇವೆ. ವಾರದ ಉಳಿದ ಹೆಸರುಗಳೆಲ್ಲ ಇಲ್ಲಿ ಮರೆತುಹೋಗಿವೆ. ಆವಿಯ ಜೊತೆ ಏನೋ ಒಂದಿಷ್ಟು ಏರಿಯೇ ಬರುತ್ತದೆ, ಅದೇನೆಂದು ಯಾರಿಗೂ ತಿಳಿಯದು. ನನ್ನ ಮೊಮ್ಮಗಳು ಚಂಪಿಗೆ ನಾಲ್ಕು ವರ್ಷ. ಅವಳ ಉಗುರುಗಳು ನೀಲಿಯಾಗಿವೆ, ಇನ್ನೂ ನಿಲ್ಲಲು ಬಾರದು. ಬೆಳಿಗ್ಗೆ ಎದ್ದವಳೇ “ಅಜ್ಜೀ, ಮಂಗಳಾರ ಕೊಡು” ಎನ್ನುತ್ತಾಳೆ. ಚೊಂಬನ್ನು ಬೆಳಕಿಗೆ ಹಿಡಿದು ನೋಡಿ, ಕೊಡುತ್ತೇನೆ.

ಆ ಹೆಸರು ಎಲ್ಲಿಂದ ಬಂತೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿಮ್ಮ ಕಚೇರಿಗೆ ಇದ್ದದ್ದು ಒಂದೇ ಜೀಪು, ನಮ್ಮ ಸೀಮೆಗೆ ಅದು ಸಿಗುತ್ತಿದ್ದದ್ದು ಮಂಗಳವಾರ ಮಾತ್ರ. ಕಾರ್ಖಾನೆಯವರೇನು ದಡ್ಡರೇ? ಸೋಮವಾರ ರಾತ್ರಿಯೇ ಕೊಳಚೆಯ ತೂಬು ಮುಚ್ಚುತ್ತಿದ್ದರು, ಹತ್ತು ಕೊಳವೆಬಾವಿಗಳಲ್ಲಿ ಎಂಟನ್ನು ನಿಲ್ಲಿಸುತ್ತಿದ್ದರು. ನೀವು ಬಂದು ಬಾವಿಗಳ ಮೀಟರು ನೋಡಿ, ಬಾಟಲಿ ತುಂಬಿ, ಚೀಟಿ ಅಂಟಿಸಿ ಹೋಗುತ್ತಿದ್ದಿರಿ. ನಮ್ಮ ಊರಿನವರೂ ದಡ್ಡರಲ್ಲ. ಹೇಗೂ ಹಳ್ಳ ಅಂದು ತಿಳಿಯಾಗಿರುತ್ತದೆಂದು ವಾರದ ಕುಡಿಯುವ ನೀರನ್ನೆಲ್ಲ ಮಂಗಳವಾರವೇ ತುಂಬಿಕೊಳ್ಳುವ ರೂಢಿ ಮಾಡಿಕೊಂಡರು. ಮದುವೆಯ ಅಡುಗೆ, ಬಾಣಂತಿಯ ಸ್ನಾನ, ಎಲ್ಲವೂ ಮಂಗಳವಾರಕ್ಕೆ ಕಾಯುತ್ತಿದ್ದವು. ನೀವು ನಮ್ಮ ಪಾಲಿಗೆ ಅಧಿಕಾರಿಯಾಗಿರಲಿಲ್ಲ, ವಾರಕ್ಕೊಮ್ಮೆ ಬರುವ ಮಳೆಯಾಗಿದ್ದಿರಿ.

ನಿಮಗೆ ಅನುಮಾನ ಬಂದದ್ದು ರಿಜಿಸ್ಟರಿನಲ್ಲಿ ಕಾಣುತ್ತದೆ. 2031ನೆಯ ಇಸವಿ ಮಾರ್ಚ್ ತಿಂಗಳ ಮೂರನೆಯ ಗುರುವಾರ, ಸ್ವಂತ ಸ್ಕೂಟರಿನಲ್ಲಿ, ಯಾರಿಗೂ ಹೇಳದೆ ಹೊರಟಿರಿ. ಕಾರ್ಖಾನೆಯವರು ನಿಮ್ಮನ್ನು ತಡೆಯಲಿಲ್ಲ. ತಡೆದವರು ನಮ್ಮ ಹೆಂಗಸರು. ಮುಂದೆ ನಿಂತವಳು ಆರು ತಲೆಮಾರಿನ ಹಿಂದಿನ ನನ್ನ ಅಜ್ಜಿ. ಅವಳ ಹೆಸರನ್ನೇ ನನಗಿಟ್ಟಿದ್ದಾರೆ. ಅವಳ ಮಾತು ನಮ್ಮ ಮನೆಯಲ್ಲಿ ಇಂದಿಗೂ ಬಾಯಿಪಾಠವಾಗಿದೆ: “ಮೇಡಮ್ಮೋರ, ಇವತ್ತ ನೀವು ಬಾಟ್ಲಿ ತುಂಬಿದ್ರ ಅವರಿಗೆ ಸಿಟ್ಟು ಬರ್ತೈತಿ. ನಾಳಿಂದ ಮಂಗಳಾರಾನೂ ತೂಬು ಮುಚ್ಚಂಗಿಲ್ಲ. ಆರು ದಿನ ಹ್ವಾದ್ವು ಅಂತ ಬಿಟ್ಟೀವಿ, ಏಳನೇದನ್ನ ನೀವು ಕಳೀಬ್ಯಾಡ್ರಿ ಯವ್ವಾ. ಮಂಗಳಾರ ಬರ್ರಿ, ಚಾ ಕುಡದ ಹೋಗ್ರಿ.”

ನೀವು ಹಿಂದಿರುಗಿದಿರಿ. ಆ ಪುಟದಲ್ಲಿ ನಿಮ್ಮ ಓರೆ ಅಕ್ಷರದಲ್ಲಿ ಹೀಗಿದೆ: “ಗ್ರಾಮದ ಮಹಿಳೆಯರ ಕೋರಿಕೆಯ ಮೇರೆಗೆ ಮಾದರಿ ತೆಗೆದಿಲ್ಲ.”

ಊರಿನ ನೀರು ಉಳಿಸಿದ ಹುಲಿಗೆವ್ವ ಎಂದು ನಾವು ಹೆಮ್ಮೆಪಡುತ್ತ ಬೆಳೆದೆವು. ಹೋದ ತಿಂಗಳವರೆಗೆ ನಾನೂ ಹೆಮ್ಮೆಪಟ್ಟವಳೇ. ಹೋದ ತಿಂಗಳು ಮಂಡಳಿ ಮೇಲ್ಸೀಮೆಗೆ ಕರೆದೊಯ್ಯುವವರ ಪಟ್ಟಿ ಮಾಡಿತು. ಮೇಲ್ಸೀಮೆ ಎಂದರೆ ಇನ್ನೂ ಬುಗ್ಗೆಗಳಿರುವ ಗುಡ್ಡದ ನೆಲ. ಅಲ್ಲಿ ಎಲ್ಲರಿಗೂ ಜಾಗವಿಲ್ಲ. ಈಗ ಎಲ್ಲೆಲ್ಲಿಯ ನೀರೂ ಕೆಟ್ಟಿರುವುದರಿಂದ ಈಗಿನ ಪರೀಕ್ಷೆಗೆ ಬೆಲೆಯಿಲ್ಲ. ಪಟ್ಟಿಗೆ ಸೇರಬೇಕಾದರೆ, ಕಾರ್ಖಾನೆಯಿಂದಲೇ ಕೆಟ್ಟ ಊರೆಂದು ಆ ಕಾಲದ ಕಡತ ಹೇಳಬೇಕು. ಒಂದೇ ಒಂದು ಕೆಟ್ಟ ಮಾದರಿ ಸಾಕು. ನಮ್ಮ ಊರಿನ ಕಡತವನ್ನು ಅವರ ಮುಂದೆ ತೆರೆದವಳು ನಾನೇ. ಮೂವತ್ತೆಂಟು ವರ್ಷದ ಮಾದರಿಗಳು, ಎಲ್ಲವೂ ಮಂಗಳವಾರದವು, ಎಲ್ಲದರ ಮುಂದೆ “ತೃಪ್ತಿಕರ.” ಹಳ್ಳದಕೇರಿಗೆ ಯಾವ ಕೇಡೂ ಆಗಿಲ್ಲ ಎಂದು ಬರೆದು ಮುಚ್ಚಿದರು. ಚಂಪಿಯನ್ನು ಎತ್ತಿಕೊಂಡು ಹೋಗಿ ಅವಳ ಉಗುರು ತೋರಿಸಿದೆ. ಉಗುರು ದಾಖಲೆಯಲ್ಲ ಎಂದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತಿದೆಯಲ್ಲ, ಇಲ್ಲಿ ಮಾಡಿದವರೇ ಬೇರೆ, ಉಣ್ಣುವವರೇ ಬೇರೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸತ್ತ ಅಜ್ಜಿಯ ಮೇಲೆ ಇನ್ನೂ ಹೆಚ್ಚು. ಆದರೆ ಅವಳ ಸೊಂಟದ ಮೇಲೂ ಅಂದು ಒಂದು ಕೂಸಿತ್ತಂತೆ. ಅದಕ್ಕೆ ಮುಂದಿನ ಮಂಗಳವಾರ ಬೇಕಿತ್ತು. ಆ ಕೂಸು ಬದುಕಿದ್ದರಿಂದಲೇ ನಾನಿದ್ದೇನೆ. ಅವಳ ಜಾಗದಲ್ಲಿ ನಾನಿದ್ದರೂ ಬಹುಶಃ ಚಾ ಕುಡಿದು ಹೋಗಿ ಎಂದೇ ಅನ್ನುತ್ತಿದ್ದೆ. ಇದನ್ನು ಯೋಚಿಸಿದಾಗಲೆಲ್ಲ ಯಾರನ್ನು ಬೈಯಬೇಕೆಂದು ತಿಳಿಯದೆ ಸುಮ್ಮನೆ ಅಳುತ್ತೇನೆ.

ಆದ್ದರಿಂದ ಒಂದೇ ಕೋರಿಕೆ. ಆ ಗುರುವಾರ ಅವಳು ಕೈಮುಗಿದರೂ, ಕಾಲಿಗೆ ಬಿದ್ದರೂ ಹಿಂದಿರುಗಬೇಡಿ. ಪಕ್ಕಕ್ಕೆ ಸರಿಸಿ ಹಳ್ಳಕ್ಕೆ ಇಳಿಯಿರಿ. ಒಂದು ಬಾಟಲಿ ತುಂಬಿ. ಬೈದರೆ ಬೈಸಿಕೊಳ್ಳಿ, ಅದೇ ಹೆಸರಿನ ಇನ್ನೊಬ್ಬಳು ಕಳಿಸಿದಳೆಂದು ಹೇಳಿ.

ಕಾಗದ ಮಡಿಸುವ ಮುನ್ನ ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದೆ. “ಮಾದರಿ ತೆಗೆದಿಲ್ಲ” ಎಂದೇ ಇದೆ. ನಾಳೆಯೂ ನೋಡುತ್ತೇನೆ.

ಹುಲಿಗೆವ್ವ