ನೀರುಕಾಗೆ ತಂಡದಿಂದ ನಮಗೂ ಬಿಡುಗಡೆ ಕೊಡಿ

ನೀರುಕಾಗೆ ಬೇಸ್‌ಬಾಲ್ ತಂಡದ ಅಧ್ಯಕ್ಷರೇ,

ಹೋದ ಸೋಮವಾರ ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಒಂದು ಕಾರ್ಡು ಬಂತು. 'ಭರವಸೆ ಕಳೆದುಕೊಳ್ಳಬೇಡಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಏಕೈಕ ಎಡಗೈ ಎಸೆತಗಾರ ಕುಸನಾಗಿಯನ್ನು ನೀವು ರಾಜಧಾನಿಯ ತಂಡಕ್ಕೆ ಬಿಟ್ಟುಕೊಟ್ಟ ಸುದ್ದಿ ಅದೇ ದಿನದ ಪತ್ರಿಕೆಯಲ್ಲಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಭರವಸೆ ಇಟ್ಟುಕೊಳ್ಳುವುದು ನಮ್ಮ ಕೆಲಸ. ಮೂವತ್ತೊಂದು ವರ್ಷದಿಂದ ರಜೆಯಿಲ್ಲದೆ ಮಾಡುತ್ತಿದ್ದೇವೆ. ನಿಮ್ಮ ಕೆಲಸ ಯಾವುದೆಂದು ಯಾರಾದರೂ ನಿಮಗೆ ತಿಳಿಸಿದ್ದಾರೆಯೇ?

ಬಂದರಿನ ಹಿಂದಿನ ಬೀದಿಯಲ್ಲಿ ನಾನೂ ನನ್ನ ಗಂಡ ಮೊರಿಹಿಕೊ ಅವರೂ ಸೋಯಾ ಹಾಲು ಒಡೆಸಿ ಅಚ್ಚಿಗೆ ಹಾಕಿ ತೋಫು ಮಾಡುವ ಅಂಗಡಿ ನಡೆಸುತ್ತೇವೆ. ಕ್ರೀಡಾಂಗಣದ ಬಲಗಡೆ ಗ್ಯಾಲರಿಯಲ್ಲಿ ತುತ್ತೂರಿ ಊದುವವರು ಅವರೇ. ಪ್ರತಿ ಆಟಗಾರನಿಗೂ ಒಂದೊಂದು ಧಾಟಿ ಕಟ್ಟುತ್ತಾರೆ. ಅದು ಜನರ ಬಾಯಿಗೆ ಹತ್ತುವಷ್ಟರಲ್ಲಿ ನೀವು ಆ ಆಟಗಾರನನ್ನು ಬೇರೆ ಊರಿಗೆ ಸಾಗಿಸಿರುತ್ತೀರಿ. ಏಳು ವರ್ಷದಿಂದ ಕೊನೆಯ ಸ್ಥಾನ ನಮ್ಮದೇ. ನೀರುಕಾಗೆ ಮುಳುಗುವುದು ಮೀನು ಹಿಡಿದು ಮೇಲೇಳಲು. ನಮ್ಮ ನೀರುಕಾಗೆಗೆ ನೀವು ಮೊದಲರ್ಧ ಪಾಠವನ್ನಷ್ಟೇ ಕಲಿಸಿದ್ದೀರಿ.

ಈ ವರ್ಷ ಮೇ ತಿಂಗಳಲ್ಲಿ, ಸತತ ಹನ್ನೊಂದನೆಯ ಸೋಲಿನ ದಿನ, ಮೊರಿಹಿಕೊ ಗ್ಯಾಲರಿಯ ಮೆಟ್ಟಿಲಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ವೈದ್ಯೆ ನನ್ನನ್ನು ಕರೆದು, "ಅಮ್ಮಾ, ಇವರು ಯಾವ ತಂಡದವರು?" ಎಂದು ಕೇಳಿದರು.

"ನೀರುಕಾಗೆ."

"ಅಯ್ಯೋ! ಬೇರೆ ತಂಡ ಆಗಿದ್ರೆ ಮಾತ್ರೆ ಕೊಟ್ಟು ಕಳಿಸ್ತಿದ್ದೆ. ಇದಕ್ಕೆ ಪಥ್ಯಾನೇ ಆಗ್ಬೇಕು. ಆಟ ನೋಡೋದು, ರೇಡಿಯೊ ಕೇಳೋದು, ತುತ್ತೂರಿ, ಎಲ್ಲಾ ಬಂದ್."

ಪಥ್ಯ ಮಾಡಿದೆವು. ರೇಡಿಯೊ ಸೋಯಾ ಮೂಟೆಗಳ ಹಿಂದೆ ಹೋಯಿತು. ನಾಲ್ಕು ತಿಂಗಳು ಮನೆಯಲ್ಲಿ ಯಾರೂ ತಂಡದ ಹೆಸರೆತ್ತಲಿಲ್ಲ. ನೆಮ್ಮದಿ ಸಿಕ್ಕಿತೇ ಎಂದು ಕೇಳುತ್ತೀರಾ? ಗಿರಾಕಿಗಳು ಆಟದ ಮಾತು ತೆಗೆದರೆ ಮೊರಿಹಿಕೊ ಒಳಗೆ ಹೋಗಿ, ತೊಳೆದ ಅಚ್ಚುಗಳನ್ನೇ ಮತ್ತೆ ತೊಳೆಯುತ್ತಿದ್ದರು. ನಾನೇನು ಕಮ್ಮಿಯೇ? ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಗುಟ್ಟಾಗಿ ಫಲಿತಾಂಶ ಕೇಳಿಕೊಂಡು, ಇನ್ನು ಒಂಬತ್ತು ಆಟ ಒಂದೇ ಸಮ ಗೆದ್ದರೆ ಐದನೆಯ ಸ್ಥಾನಕ್ಕೆ ಬರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಸೆಪ್ಟೆಂಬರ್ ಕೊನೆಯ ಭಾನುವಾರ ಈ ವರ್ಷದ ಕೊನೆಯ ಆಟವಿತ್ತು. ಮಧ್ಯಾಹ್ನ ಊಟವಾದ ಮೇಲೆ ಮೊರಿಹಿಕೊ, "ಕಡಲಗೋಡೆ ಕಡೆ ಒಂದು ಸುತ್ತು ಹೋಗಿ ಬರ್ತೀನಿ ಕಣೇ" ಎಂದರು. ನಾನು ತಂಗಿಯ ಮನೆಗೆ ಹೋಗುತ್ತೇನೆಂದೆ. ಅವರು ಹೊರಟ ಕೂಡಲೇ ಬಸ್ಸು ಹತ್ತಿ ಕ್ರೀಡಾಂಗಣಕ್ಕೆ ಹೋದೆ. ಪರಿಚಯದವರ ಕಣ್ಣಿಗೆ ಬೀಳದಂತೆ ಎಡಗಡೆ ಗ್ಯಾಲರಿಯಲ್ಲಿ ಟೋಪಿ ಎಳೆದುಕೊಂಡು ಕುಳಿತೆ. ಎಂಟನೆಯ ಇನ್ನಿಂಗ್ಸ್ ಹೊತ್ತಿಗೆ ನಾಲ್ಕು ರನ್ ಹಿಂದಿದ್ದೆವು. ಆಗ ಎದುರು ಗ್ಯಾಲರಿಯಿಂದ ತುತ್ತೂರಿ ಕೇಳಿಸಿತು. ಮೂರನೆಯ ಸ್ವರದಲ್ಲಿ ಹಾಗೆ ಒಡಕಾಗುವ ತುತ್ತೂರಿ ಇಡೀ ದೇಶದಲ್ಲಿ ಒಂದೇ.

ಕ್ರೀಡಾಂಗಣದ ಅರ್ಧ ಸುತ್ತನ್ನು ಓಡಿದೆ. ನನ್ನನ್ನು ಕಂಡು ಅವರ ಬಾಯಿಂದ ತುತ್ತೂರಿ ಕೆಳಗಿಳಿಯಿತು.

"ಕಡಲಗೋಡೆ ಇಲ್ಲಿಗೆ ಬಂತೇನ್ರೀ?"

"ನಿನ್ ತಂಗಿ ಮನೆ ಯಾವಾಗ ಇಲ್ಲಿಗೆ ಬಂತೇ?"

ಅವರ ಹಣೆಯಲ್ಲಿ ಬೆವರಿತ್ತು. ಅಷ್ಟರಲ್ಲಿ ಒಂಬತ್ತನೆಯ, ಕೊನೆಯ ಇನ್ನಿಂಗ್ಸ್‌ನಲ್ಲಿ ನಮ್ಮವರು ಮೂರು ರನ್ ಗಳಿಸಿ ಅಂತರವನ್ನು ಒಂದಕ್ಕೆ ಇಳಿಸಿದ್ದರು.

"ಏಳ್ರೀ, ಮನೆಗೆ ಹೋಗೋಣ."

"ಇನ್ನೊಂದು ಔಟ್ ಬಾಕಿ ಇದೆ ಕಣೇ. ಮೂರೂ ಬೇಸಲ್ಲಿ ನಮ್ಮವರೇ ನಿಂತಿದಾರೆ. ಈಗ ಎದ್ದು ಹೋದ್ರೆ ನಿಂಗೆ ನಿದ್ದೆ ಬರುತ್ತಾ?"

ಎಳೆದುಕೊಂಡು ಹೋಗಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ. ಒಂದು ಕೈಯಲ್ಲಿ ಅವರ ನಾಡಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಕಂಬಿ ಬಡಿದೆ. ಕೊನೆಯ ಬ್ಯಾಟುಗಾರನ ಹೊಡೆತ ಎತ್ತರಕ್ಕೆ ಹೋಯಿತು, ನಾವಿಬ್ಬರೂ ಎದ್ದು ನಿಂತೆವು, ಚೆಂಡು ಎದುರಾಳಿಯ ಕೈಗವಸಿನೊಳಗೆ ಇಳಿಯಿತು. ಒಂದೇ ರನ್ನಿನಿಂದ ಸೋಲು.

ಬಸ್ಸಿನಲ್ಲಿ ಮೊರಿಹಿಕೊ ತುತ್ತೂರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ, "ಇವತ್ತು ಕುಸನಾಗಿ ಎಸೆಯೋ ಸರದಿ ಇರ್ಲಿಲ್ಲ. ಬರೋ ವರ್ಷ ಅವನಿರ್ತಾನಲ್ಲ" ಎಂದರು. ನಾನೂ ಹೂಂ ಎಂದೆ.

ಎಂಟೇ ದಿನಕ್ಕೆ ನೀವು ಅವನನ್ನು ಕಳಿಸಿಬಿಟ್ಟಿರಿ. ಸುದ್ದಿ ಓದಿದ ಮೊರಿಹಿಕೊ ಆ ದಿನ ಅಂಗಡಿಗೆ ಬರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದರು. ಸಂಜೆ ಎದ್ದು ಬಂದು ಏನಂದರು ಗೊತ್ತೇ? "ಇನ್ನೊಬ್ಬ ಎಡಗೈಯವನು ಸಿಕ್ಕೇ ಸಿಗ್ತಾನೆ ಬಿಡು." ನಿಮ್ಮ ಮೇಲೆ ಬಾರದಷ್ಟು ಸಿಟ್ಟು ಆ ಮಾತಿನ ಮೇಲೆ ಬಂತು ನನಗೆ. ನೊಂದ ಮನುಷ್ಯನಿಗೆ ನೆಮ್ಮದಿಯಾಗಿ ನಿರಾಶನಾಗುವ ಹಕ್ಕೂ ಇಲ್ಲವೇ?

ಆಟಗಾರರನ್ನು ನೀವು ಒಂದೇ ಕಾಗದದಲ್ಲಿ ಬಿಡುಗಡೆ ಮಾಡುತ್ತೀರಿ. ಅಂಥದೇ ಒಂದು ಕಾಗದ ನಮಗೂ ಕೊಡಿ. 'ಈ ತಂಡಕ್ಕೆ ಗೆಲ್ಲುವ ಉದ್ದೇಶವಿಲ್ಲ, ನೀವಿನ್ನು ಮನೆಯಲ್ಲಿರಬಹುದು' ಎಂದು ಮೊಹರು ಒತ್ತಿ ಕಳಿಸಿ. ಅದು ಬಂದರೆ ಏನಾಗುತ್ತದೆಂದೂ ನನಗೆ ಗೊತ್ತು. ನನ್ನ ಗಂಡ ಅದನ್ನು ಪೂರ್ತಿ ಓದಿ, ಹಿಂಬದಿಯಲ್ಲಿ ಹೊಸ ಎಸೆತಗಾರನ ಹೆಸರಿದೆಯೇ ಎಂದು ತಿರುಗಿಸಿ ನೋಡುತ್ತಾರೆ.

ದಯವಿಟ್ಟು ಅಲ್ಲೊಂದು ಹೆಸರು ಬರೆದೇ ಕಳಿಸಿ.

ಇಂತಿ,
ಗೆಲುವೂ ಕಾಣದ, ಬಿಡಲೂ ಬಾರದ,
ತೋಫು ಅಂಗಡಿಯ ಕಿನುಯೊ